ಮೊದಲ ಸಾಲು ಬರುವ ದಾರಿ

ಕವಿತೆಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂದು ಯಾರಾದರೂ ಕೇಳಿದರೆ ನೋವಿನಿಂದ, ಪ್ರೀತಿಯಿಂದ, ನಿಸರ್ಗದಿಂದ ಎಂದು ಹೇಳಿ ನಾನೂ ಬಹುಕಾಲ ಪಾರಾಗುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಆ ಉತ್ತರ ನನಗೇ ಸುಳ್ಳೆನಿಸಿತು. ಅಷ್ಟು ದೊಡ್ಡ ದುಃಖ ಎದೆಯಲ್ಲಿದ್ದರೂ ಏಳೆಂಟು ತಿಂಗಳು ಬರೆದದ್ದೆಲ್ಲ ಸಂತಾಪಸೂಚನೆಯ ಪತ್ರದಂತೆ ಒಣಗಿಕೊಂಡಿತ್ತು.

ಆಮೇಲೊಂದು ದಿನ ಕಪಾಟು ಒರೆಸುವಾಗ ಅವರ ಕನ್ನಡಕದ ಡಬ್ಬಿ ಕೈಗೆ ಸಿಕ್ಕಿತು. ಮುಚ್ಚಳದ ಒಂದು ಮೂಲೆಯಲ್ಲಿ ಹೆಬ್ಬೆರಳು ಒತ್ತಿ ಒತ್ತಿ ಬಣ್ಣ ಸವೆದಿತ್ತು. ಮುಚ್ಚಿದಾಗ ‘ಟಪ್’ ಎಂದಿತು. ರಾತ್ರಿ ಅವರ ಓದು ಮುಗಿದು ದೀಪ ಆರುವ ಮುಂಚೆ ಪಕ್ಕದ ಕೋಣೆಯಲ್ಲಿದ್ದ ನನಗೆ ಕೇಳಿಸುತ್ತಿದ್ದ ಸದ್ದು ಅದೇ. ಮತ್ತೆ ತೆರೆದೆ, ಮತ್ತೆ ಮುಚ್ಚಿದೆ. ಹಾಗೆ ಮಾಡುತ್ತಿರುವಾಗಲೇ ‘ಓದು ಮುಗಿಯಿತು ದೀಪವಾರದು’ ಎಂಬ ಸಾಲು, ನಾನೇ ಕಟ್ಟಿದ್ದೆಂದು ಹೇಳಿಕೊಳ್ಳಲಾಗದಷ್ಟು ಸಲೀಸಾಗಿ, ಲಯಸಮೇತ ಬಂದು ನಿಂತಿತು. ಮಾತ್ರೆ, ಅಂದರೆ ಉಚ್ಚಾರಣೆಯ ಕಾಲದ ಅಳತೆ, ಎಣಿಸಿದರೆ ಮೂರು, ನಾಲ್ಕು, ಮೂರು, ನಾಲ್ಕು: ಚಿಕ್ಕಂದಿನಿಂದ ಕಿವಿಗೆ ಬಿದ್ದಿದ್ದ ಭಾಮಿನಿ ಷಟ್ಪದಿಯೆಂಬ ಛಂದಸ್ಸಿನ ನಡೆ. ದುಃಖ ಮೊದಲೂ ಇತ್ತು. ಅದು ಹತ್ತಿ ಕೂರಲು ಒಂದು ಸದ್ದು ಬೇಕಾಗಿತ್ತು, ಅಷ್ಟೆ.

ಬೇಡನ ಬಾಣಕ್ಕೆ ಕ್ರೌಂಚಪಕ್ಷಿ ಸತ್ತದ್ದನ್ನು ಕಂಡು ವಾಲ್ಮೀಕಿಯ ಬಾಯಿಂದ ಶ್ಲೋಕ ಹೊರಟ ಕ್ರೌಂಚವಧೆಯ ಕಥೆಯನ್ನು ನಾವು ಶೋಕ ಶ್ಲೋಕವಾದ ಕಥೆಯೆಂದೇ ಹೇಳುತ್ತೇವೆ. ಆದರೆ ಅಲ್ಲಿ ವಾಲ್ಮೀಕಿ ಶಿಷ್ಯ ಭರದ್ವಾಜನಿಗೆ ಹೇಳುವ ಮಾತು ನನಗೆ ಹೆಚ್ಚು ಮುಖ್ಯ. ತನ್ನ ಬಾಯಿಂದ ಹೊರಟದ್ದು ಪಾದಬದ್ಧವಾಗಿದೆ, ಅಕ್ಷರಗಳು ಸಮನಾಗಿವೆ, ತಂತಿಯ ಲಯಕ್ಕೆ ಹೊಂದುತ್ತದೆ ಎಂದು ಅವನು ಗಮನಿಸುತ್ತಾನೆ. ಅಳುತ್ತಿರುವಾಗಲೂ ಕಿವಿ ಎಚ್ಚರವಾಗಿತ್ತು ಎಂದಾಯಿತು.

11ನೆಯ ಶತಮಾನದ ಸಂಸ್ಕೃತ ಕಾವ್ಯಮೀಮಾಂಸಕ ಮಮ್ಮಟ ಇದನ್ನೇ ಶಾಸ್ತ್ರದ ಭಾಷೆಯಲ್ಲಿ ಹೇಳಿದ. ಹುಟ್ಟಿನಿಂದ ಬಂದ ಶಕ್ತಿ, ಲೋಕವನ್ನೂ ಕಾವ್ಯಗಳನ್ನೂ ನೋಡಿ ಗಳಿಸಿದ ನಿಪುಣತೆ, ಬಲ್ಲವರಿಂದ ಕಲಿತು ಮಾಡಿದ ಅಭ್ಯಾಸ, ಇವು ಮೂರು ಬೇರೆ ಬೇರೆ ಕಾರಣಗಳಲ್ಲ, ಮೂರೂ ಕೂಡಿ ಕಾವ್ಯ ಹುಟ್ಟಲು ಒಂದೇ ಕಾರಣ ಎಂಬುದು ಅವನ ನಿಲುವು. (ಸ್ಫೂರ್ತಿ ಬರಲಿ ಎಂದು ಕಾಯುತ್ತ ಏನನ್ನೂ ಓದದೆ ಕೂರುವವರಿಗೆ ಇದು ಹಿಡಿಸುವುದಿಲ್ಲ.) ಮೊದಲ ಸಾಲು ಬಂದ ಮಾತ್ರಕ್ಕೆ ಕವಿತೆ ಮುಗಿಯುವುದೂ ಇಲ್ಲ: ಜರ್ಮನ್ ಭಾಷೆಯ ಕವಿ ರಿಲ್ಕೆಗೆ ಡ್ಯುನೋ ಕೋಟೆಯಲ್ಲಿ ಶೋಕಗೀತೆಗಳ ಮೊದಲ ಸಾಲುಗಳು ಹೊಳೆದದ್ದು 1912ರಲ್ಲಿ, ಮಾಲಿಕೆ ಮುಗಿದದ್ದು 1922ರಲ್ಲಿ.

ನನ್ನ ಕವಿತೆಯ ಎರಡನೆಯ ಸಾಲಿಗೇ ಹನ್ನೊಂದು ದಿನ ಹಿಡಿಯಿತು. ಐದನೆಯ ಸಾಲಿನಲ್ಲಿ ಈಗಲೂ ಒಂದು ಮಾತ್ರೆ ಹೆಚ್ಚಿದೆ. ಡಬ್ಬಿಯನ್ನು ಎಷ್ಟು ಸಲ ಮುಚ್ಚಿ ತೆರೆದರೂ ಅದು ಸರಿಹೋಗಿಲ್ಲ.