ಹೆಗ್ಗೋಡಿನಿಂದ ಐರ್ಲೆಂಡಿನ ಕಡೆಗೆ ಒಂದು ನೋಟ

ಕಳೆದ ವಾರ ಸಾಗರದಿಂದ ಹೆಗ್ಗೋಡಿಗೆ ನಾಟಕ ನೋಡಲು ಹೋಗುವಾಗ, ಪ್ರವಾಸೋದ್ಯಮ, ಕಲೆ, ಕ್ರೀಡೆ, ಮಾಧ್ಯಮ ಮತ್ತು ಐರಿಷ್ ಭಾಷಿಕ ಪ್ರದೇಶಗಳ ಹೊಣೆಯನ್ನು ಐರ್ಲೆಂಡ್ 2020ರಲ್ಲಿ ಒಂದೇ ಇಲಾಖೆಗೆ ವಹಿಸಿದ್ದು ನೆನಪಾಯಿತು. ನಮ್ಮಲ್ಲಿ ಇವೆಲ್ಲಕ್ಕೂ ಬೇರೆಬೇರೆ ಇಲಾಖೆಗಳಿದ್ದು, ಜೋಗಕ್ಕೆ ಬಂದ ಪ್ರವಾಸಿಗೆ ಅಷ್ಟೇನೂ ದೂರವಿಲ್ಲದ ರಂಗಮಂದಿರದ ಸುಳಿವೇ ಸಿಗುವುದಿಲ್ಲ.

ಜೋಗದಲ್ಲಿ ಶರಾವತಿ ಸುಮಾರು 253 ಮೀಟರ್ ಎತ್ತರದಿಂದ ಧುಮುಕುತ್ತದೆ. ಅಲ್ಲಿ ಮೆಟ್ಟಿಲು, ವೀಕ್ಷಣಾ ಕಟ್ಟೆಗಳಿಗೆ ಹಣ ಬರುವುದು ಸಹಜ. ಆದರೆ 1949ರಲ್ಲಿ ಹುಟ್ಟಿದ, ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ, 1985ರಿಂದ ತನ್ನ ತಿರುಗಾಟದ ಮೂಲಕ ಊರೂರಿಗೆ ನಾಟಕ ಒಯ್ದದ್ದು ಕಟ್ಟಡದ ಬಲದಿಂದಲ್ಲ, ನಟರಿಂದ. ಐರ್ಲೆಂಡ್ 2022ರಲ್ಲಿ 2,000 ಕಲಾವಿದರಿಗೆ ವಾರಕ್ಕೆ 325 ಯೂರೋಗಳಂತೆ ಪ್ರಾಯೋಗಿಕವಾಗಿ ಮೂಲ ಆದಾಯ ನೀಡತೊಡಗಿದ್ದು ಈ ಕಾರಣಕ್ಕೇ ನನಗೆ ಮುಖ್ಯವೆನಿಸುತ್ತದೆ: ಕಟ್ಟಡಕ್ಕೆ ಉದ್ಘಾಟನೆಯ ಫಲಕ ಹಾಕಬಹುದು, ತಾಲೀಮಿನ ತಿಂಗಳುಗಳಿಗೆ ಹಾಕಲಾಗದು (ಬಹುಶಃ ನಮ್ಮಲ್ಲಿ ತೊಡಕು ಇಲ್ಲೇ ಇದೆ).

ಭಾಷೆಯ ವಿಷಯದಲ್ಲೂ ಅವರು 1972ರಲ್ಲಿ ಐರಿಷ್ ಬಾನುಲಿಯನ್ನೂ 1996ರಲ್ಲಿ ದೂರದರ್ಶನ ವಾಹಿನಿಯನ್ನೂ ಆರಂಭಿಸಿದರು. ಶಿವಮೊಗ್ಗ ಬಳಿಯ ಮತ್ತೂರಿನ ಮನೆಗಳಲ್ಲಿ ಆಡುವ ಸಂಕೇತಿ ಭಾಷೆಗೆ ಅಂಥದ್ದೊಂದು ವಾಹಿನಿ ಬೇಕೆಂದು ನಾನು ಹೇಳಲಾರೆ; ಹಿರಿಯರ ಮಾತುಗಳನ್ನು ಧ್ವನಿಮುದ್ರಿಸಿಡಲು ಒಂದು ಕೋಣೆ, ಅದನ್ನು ನಡೆಸಲು ಸಂಬಳದ ಇಬ್ಬರು ಸಿಕ್ಕರೂ ಸಾಕು. ಕ್ರೀಡಾಂಗಣಗಳ ಬಗ್ಗೆ ಹೆಚ್ಚು ಬರೆಯಲಾರೆ. ಮಲೆನಾಡಿನ ಮಳೆಗಾಲದಲ್ಲಿ ಮಕ್ಕಳಿಗೆ ಮೊದಲು ಬೇಕಾದದ್ದು ಸೋರದ ಸೂರಿರುವ ಅಂಗಳ.