ಹ್ಯಾಂಡಲ್ ಹೊಸದು, ಒಳಗಿನ ಲಾಕ್ ಹಳೆಯದು

ಮೇ ತಿಂಗಳ ಸ್ನ್ಯಾಗ್ ಲಿಸ್ಟ್‌ನಲ್ಲಿ, ಅಂದರೆ ರಿಪೇರಿ ಆಗಬೇಕಾದವುಗಳ ಪಟ್ಟಿಯಲ್ಲಿ, ಬಾಗಿಲುಗಳ ಕಾಲಂ ಪೂರ್ತಿ ಟಿಕ್ ಆಗಿತ್ತು. ಟಿಕ್ ಹಾಕಿದವನು ನಾನೇ. 'ಹ್ಯಾಂಡಲ್ ಜೋತು ಬಿದ್ದಿದೆ' ಎಂದು ಹೌಸ್‌ಕೀಪಿಂಗ್‌ನವರು ಬರೆದಿದ್ದ ರೂಮುಗಳಿಗೆಲ್ಲ ಹೊಸ ಹ್ಯಾಂಡಲ್ ಹಾಕಿ ಮುಗಿಸಿದ್ದೆ. ಕಪ್ಪು ಬಣ್ಣ, ಮ್ಯಾಟ್ ಫಿನಿಶ್. ಮ್ಯಾನೇಜರ್ ಫೋಟೋ ತೆಗೆದು ಗ್ರೂಪಿಗೆ ಹಾಕಿದರು. ಬೆಂಗಳೂರಿನ ಪರ್ಚೇಸ್‌ನವರು ಹೆಬ್ಬೆರಳು ಒತ್ತಿದರು. ಮಳೆಗಾಲಕ್ಕೆ ಮುಂಚೆ ಒಂದು ದೊಡ್ಡ ಕೆಲಸ ಕಳೆಯಿತು ಅಂತ ನಾನೂ ಖುಷಿಯಾಗಿದ್ದೆ.

ಕೊಡಗಿನ ನಾಪೋಕ್ಲು ಕಡೆಯ ಹಳೆಯ ಎಸ್ಟೇಟ್ ಬಂಗಲೆಯೊಂದರಲ್ಲಿ ನನ್ನ ಕೆಲಸ. ಹಿಂದೆ ಮನೆಯವರೇ ಇದ್ದರು, ಈಗ ಹೋಂಸ್ಟೇ. ಹೊನ್ನೆ ಮರದ ದಪ್ಪ ಬಾಗಿಲುಗಳು. ರೂಮು ಮಾಡುವಾಗ ಅವುಗಳ ಹಳೆಯ ಹಿತ್ತಾಳೆ ಚಿಲಕ ಕಿತ್ತು, ಉಳಿ ಹಾಕಿ ಕೊರೆದು, ಬಾಗಿಲಿನ ದಪ್ಪದೊಳಗೇ ಕೂರುವ ಮಾರ್ಟೈಸ್ ಲಾಕ್ ಹಾಕಿದ್ದಾರೆ. ಬಾತ್‌ರೂಮುಗಳಲ್ಲಿ ಮಾತ್ರ ಲಾಕಿನ ಜೊತೆಗೆ ಒಳಗಿನ ಚಿಲಕವೂ ಉಳಿದಿದೆ. ಅದೇ ಎಸ್ಟೇಟಿನ ಕೆಲಸಗಾರರ ಲೈನ್ ಮನೆಗಳಿಗೆ ಇವತ್ತಿಗೂ ಆಲ್ಡ್ರಾಪ್. ಅಲ್ಲಿಂದ ನನಗೆ ಒಂದು ದೂರೂ ಬಂದಿಲ್ಲ. ಬೀಗ ಸಿಕ್ಕಿಸುವ ಕಬ್ಬಿಣದ ಸರಳಿಗೆ ಏನಾಗಬೇಕು ಹೇಳಿ?

ಜುಲೈ ತಿಂಗಳಲ್ಲಿ ಮೈಸೂರಿನಿಂದ ಒಂದು ಕುಟುಂಬ ಬಂದಿತ್ತು. ಮಗ, ಸೊಸೆ, ವಯಸ್ಸಾದ ತಾಯಿ. ಎರಡು ದಿನದಿಂದ ಬಿಡದ ಮಳೆ. ಸಂಜೆ ಕರೆಂಟ್ ಹೋಯಿತು. ಮಳೆಗಾಲದಲ್ಲಿ ಅದು ಸುದ್ದಿಯೇ ಅಲ್ಲ. ನಾನು ಜನರೇಟರ್ ಶೆಡ್ಡಿಗೆ ಹೊರಟಿದ್ದೆ. ಅಷ್ಟರಲ್ಲಿ ಸೊಸೆ ವರಾಂಡಕ್ಕೆ ಓಡಿ ಬಂದರು. 'ಅತ್ತೆ ಬಾತ್‌ರೂಮಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, ಬಾಗಿಲು ತೆಗೆಯೋಕೆ ಬರ್ತಿಲ್ಲ.'

ಹೋಗಿ ನೋಡಿದರೆ ಮಗ, ಅಡುಗೆಯವರು, ಡ್ರೈವರ್ ಮೂವರೂ ಬಾಗಿಲಿಗೆ ಭುಜ ಕೊಟ್ಟು ತಳ್ಳುತ್ತಿದ್ದಾರೆ. ಬಾಗಿಲು ಒಳಕ್ಕೆ ತೆರೆಯುವಂಥದ್ದು. ನಾನೂ ಹ್ಯಾಂಡಲ್ ಹಿಡಿದು ಒತ್ತಿದೆ. ಸಲೀಸಾಗಿ ಕೆಳಗೆ ಹೋಯಿತು, ಸಲೀಸಾಗಿ ಮೇಲೆ ಬಂತು. ಫ್ರೇಮಿನೊಳಗೆ ಸಿಕ್ಕಿಕೊಳ್ಳುವ ಲಾಕಿನ ನಾಲಿಗೆ ಮಾತ್ರ ಅಲ್ಲಾಡಲಿಲ್ಲ. ಒಳಗಿನಿಂದ ಅಮ್ಮ ಒತ್ತಿದಾಗಲೂ ಅಷ್ಟೇ. ಬಾಗಿಲು ಮಳೆಗೆ ಉಬ್ಬಿ ಫ್ರೇಮಿಗೆ ಕಚ್ಚಿಕೊಂಡಿದೆ ಎಂದುಕೊಂಡು ನಾನೂ ಭುಜ ಕೊಟ್ಟೆ. ಈಗ ನಾಲ್ಕು ಜನ ಆದೆವು.

'ಅಮ್ಮ, ಒಳಗೆ ಚಿಲಕ ಹಾಕಿದ್ದೀರಾ?'

'ಇಲ್ಲಪ್ಪ. ಸುಮ್ನೆ ಬಾಗಿಲು ಮುಚ್ಚಿದ್ದೆ ಅಷ್ಟೇ.'

ಪುಣ್ಯ ಅಂದುಕೊಂಡೆ. ಮಗನಿಗೆ ಆ ಪುಣ್ಯ ಕಾಣಲಿಲ್ಲ. 'ಒಡೀರಿ, ದುಡ್ಡು ನಾನು ಕೊಡ್ತೀನಿ' ಎಂದು ಕೂಗಾಡಿದರು. ಮ್ಯಾನೇಜರ್ ಮೊಬೈಲ್ ಬೆಳಕು ಹಿಡಿದುಕೊಂಡು ಬಂದವರು 'ಸರ್, ಅದು ಹೊನ್ನೆ ಬಾಗಿಲು' ಎಂದರು. ಆ ಹೊತ್ತಿಗೆ ಆಡುವ ಮಾತಾ ಅದು? ಮಗ ಅವರ ಕಡೆ ತಿರುಗಿದರು. ನನಗೆ ಅಷ್ಟು ಬಿಡುವು ಸಿಕ್ಕಿತು.

ಆಗ ಸ್ವಲ್ಪ ತಲೆ ಓಡಿತು. ಹ್ಯಾಂಡಲ್ ಬಿಗಿಯಾಗಿದ್ದರೆ ಬಾಗಿಲು ಉಬ್ಬಿದೆ ಎನ್ನಬಹುದು. ಇದು ಬಿಗಿಯೇ ಇಲ್ಲ, ಗಾಳಿಯಲ್ಲಿ ತಿರುಗಿದ ಹಾಗೆ ತಿರುಗುತ್ತಿದೆ. ಅಂದರೆ ಹ್ಯಾಂಡಲಿಗೂ ನಾಲಿಗೆಗೂ ನಡುವೆ ಏನೋ ಮುರಿದಿದೆ. ನಾಲಿಗೆ ಫ್ರೇಮಿಗೆ ಹೊಡೆದ ಸ್ಟ್ರೈಕ್ ಪ್ಲೇಟಿನ ತೂತಿನಲ್ಲಿ ಕೂತಿದೆ. ನಾವು ತೆರೆಯುವ ದಿಕ್ಕಿಗೆ ತಳ್ಳಿದಷ್ಟೂ ಅದರ ಚಪ್ಪಟೆ ಬದಿ ಪ್ಲೇಟಿನ ಅಂಚಿಗೆ ಜಾಸ್ತಿ ಒತ್ತಿಕೊಳ್ಳುತ್ತದೆ. ಇಷ್ಟು ಹೊತ್ತು ನಾಲ್ಕು ಗಂಡಸರು ಸೇರಿ ಬಾಗಿಲನ್ನು ಇನ್ನಷ್ಟು ಭದ್ರ ಮಾಡುತ್ತಿದ್ದೆವು.

'ಎಲ್ಲರೂ ಕೈ ಬಿಡಿ. ಅಮ್ಮ, ನೀವು ಎಳೀಬೇಡಿ. ನಮ್ಮ ಕಡೆಗೆ ಒತ್ತಿ ಹಿಡಿದುಕೊಳ್ಳಿ.'

'ಒತ್ತಿದರೆ ಹೆಂಗಪ್ಪ ತೆರೀತದೆ?' ಎಂದರು. ಸರಿಯಾದ ಪ್ರಶ್ನೆಯೇ. ವಿವರಿಸುವಷ್ಟು ತಾಳ್ಮೆ ನನಗಿರಲಿಲ್ಲ. 'ಒತ್ತಿ ಅಮ್ಮ' ಎಂದೆ.

ಹೊರಗಿನ ಪ್ಲೇಟಿನ ಸ್ಕ್ರೂ ಬಿಚ್ಚಿದೆ. ಅದರಲ್ಲೂ ಒಂದು ತಲೆ ಸವೆದು ಜಾರುತ್ತಿತ್ತು, ಪರ್ಚೇಸ್‌ನ ಅಗ್ಗದ ಸ್ಕ್ರೂ. ಹ್ಯಾಂಡಲ್ ಕೈಗೆ ಬಂತು, ಅದನ್ನು ಲಾಕಿಗೆ ಜೋಡಿಸುವ ಚೌಕ ಸಲಾಕೆ ಹಿಂದೆಯೇ ಬಂತು. ಟಾರ್ಚ್ ಬಿಟ್ಟು ತೂತಿನೊಳಗೆ ನೋಡಿದೆ. ಸಲಾಕೆ ಕೂರುವ, ತಿರುಗಿ ನಾಲಿಗೆಯನ್ನು ಎಳೆಯುವ ತುಂಡು, ಅಂದರೆ ಫಾಲೋವರ್, ಮೂಲೆಯಲ್ಲಿ ಸೀಳಿತ್ತು. ಅಲನ್ ಕೀಯ ಬಾಗಿದ ತುದಿಯನ್ನು ಒಳಗೆ ಬಿಟ್ಟು ನಾಲಿಗೆಯ ಬಾಲಕ್ಕೆ ಸಿಕ್ಕಿಸಲು ನೋಡಿದೆ. ಜಾರಿತು. ಮತ್ತೆ ಜಾರಿತು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಹೆಂಚಿನ ಮೇಲೆ ಮಳೆಯ ಸದ್ದಿಗೆ ಒಳಗಿನ ಮಾತು ಅರ್ಧ ಕೇಳಿಸುತ್ತಿರಲಿಲ್ಲ. ಅಮ್ಮನ ದನಿ ಒಮ್ಮೆ ನಿಂತೇ ಹೋಯಿತು. ಮಗ ಗಾಬರಿಯಾಗಿ ಬಾಗಿಲು ಬಡಿದರು. ಆಮೇಲೆ ಗೊತ್ತಾಯಿತು, ಅವರು ಬಕೆಟ್ ಬೋರಲು ಹಾಕಿಕೊಂಡು ಕೂತು, ಕಾಲಿನಿಂದ ಬಾಗಿಲು ಒತ್ತಿ ಹಿಡಿದಿದ್ದರು. ಅಷ್ಟು ಜನರಲ್ಲಿ ನನ್ನ ಮಾತನ್ನು ಸರಿಯಾಗಿ ಪಾಲಿಸಿದವರು ಅವರೊಬ್ಬರೇ.

ಕೊನೆಗೆ ಕೊಕ್ಕೆ ಸಿಕ್ಕಿತು. ಎಳೆದೆ, ನಾಲಿಗೆ ಹಿಂದೆ ಹೋಯಿತು. 'ಈಗ ಕಾಲು ತೆಗೀರಿ ಅಮ್ಮ.' ಬಾಗಿಲು ತೆರೆಯಿತು. ಅಮ್ಮ ಹೊರಗೆ ಬಂದು ಮಗನಿಗೆ ಬೈದರು, 'ಅಷ್ಟು ಯಾಕೋ ಕೂಗ್ತೀಯ' ಅಂತ. ನನಗೆ ಕಾಫಿ ಕೊಡಿ ಎಂದು ಅಡುಗೆಯವರಿಗೆ ಅವರೇ ಹೇಳಿದರು.

ರಾತ್ರಿ ಬಾಗಿಲೊಳಗೆ ಕೂರುವ ಲಾಕಿನ ಡಬ್ಬಿ, ಲಾಕ್ ಬಾಡಿ, ಬಿಚ್ಚಿ ಮೇಜಿನ ಮೇಲೆ ಇಟ್ಟುಕೊಂಡೆ. ಸ್ಪ್ರಿಂಗ್ ಸತ್ತು ತುಂಬಾ ದಿನ ಆಗಿತ್ತು. ಮೇ ತಿಂಗಳಲ್ಲಿ ಹ್ಯಾಂಡಲ್ ಜೋತು ಬೀಳುತ್ತಿದ್ದುದು ಅದಕ್ಕೇ. ಹ್ಯಾಂಡಲನ್ನು ಮೇಲಕ್ಕೆ ಎತ್ತಿ ನಿಲ್ಲಿಸುವುದು ಲಾಕ್ ಬಾಡಿಯೊಳಗಿನ ಸ್ಪ್ರಿಂಗ್. ಜೋತು ಬಿತ್ತು ಎಂದರೆ ಲಾಕ್ 'ನನಗೆ ವಯಸ್ಸಾಯಿತು' ಎನ್ನುತ್ತಿದೆ ಎಂದರ್ಥ. ನಾನು ಹಾಕಿದ ಹೊಸ ಹ್ಯಾಂಡಲಿನ ಪ್ಲೇಟಿನಲ್ಲೇ ಇನ್ನೊಂದು ಸ್ಪ್ರಿಂಗ್ ಇತ್ತು. ಹಾಗಾಗಿ ಒಳಗಿನದು ಸತ್ತರೂ ಹ್ಯಾಂಡಲ್ ನೆಟ್ಟಗೆ ನಿಂತಿತು, ರೂಮಿಗೆ ಟಿಕ್ ಬಿತ್ತು. ಜ್ವರ ನೋಡುವ ಥರ್ಮಾಮೀಟರನ್ನೇ ಬದಲಾಯಿಸಿ ರೋಗಿ ಹುಷಾರಾದ ಎಂದ ಹಾಗಾಯಿತು. ಆಮೇಲೆ ಮಳೆ ಹಿಡಿಯಿತು, ಬಾಗಿಲು ಉಬ್ಬಿತು, ನಾಲಿಗೆ ಪ್ಲೇಟಿಗೆ ಉಜ್ಜತೊಡಗಿತು, ಗೆಸ್ಟ್‌ಗಳು ಮೈಭಾರ ಹಾಕಿ ಹ್ಯಾಂಡಲ್ ಒತ್ತತೊಡಗಿದರು. ಎರಕದ ಫಾಲೋವರ್ ಎಷ್ಟು ದಿನ ತಡೆದೀತು?

ನಾನು ಮೇ ತಿಂಗಳಲ್ಲೇ ಲಾಕ್ ಬಾಡಿ ಕೇಳಬೇಕಿತ್ತು, ನಿಜ. ಆದರೆ ಪರ್ಚೇಸ್‌ನವರ ಶೀಟಿನಲ್ಲಿ 'ಹ್ಯಾಂಡಲ್' ಎಂಬ ಸಾಲು ಇದೆ, 'ಲಾಕ್ ಬಾಡಿ' ಎಂಬ ಸಾಲೇ ಇಲ್ಲ. ಕಣ್ಣಿಗೆ ಕಾಣದ ಸಾಮಾನು ಬೇಕೆಂದು ಇಂಡೆಂಟ್, ಅಂದರೆ ಬೇಡಿಕೆ ಚೀಟಿ, ಹಾಕುವುದು ಹೇಗೆ ಎಂದು ಇನ್ನೂ ಯಾರೂ ಹೇಳಿಕೊಟ್ಟಿಲ್ಲ.

ಈಗ ನಾನು ಯಾವ ಬಾಗಿಲಿಗೆ ಹೋದರೂ, ಅಕ್ಕಪಕ್ಕದ ಮನೆಯವರು ಕರೆದರೂ, ಮೊದಲು ಬಾಗಿಲು ತೆರೆದಿಟ್ಟು ಹ್ಯಾಂಡಲ್ ಒತ್ತಿ ನೋಡುತ್ತೇನೆ. ತೆರೆದಾಗ ಸಲೀಸು, ಮುಚ್ಚಿದಾಗ ಬಿಗಿ ಎಂದರೆ ಲಾಕ್ ಮೇಲೆ ತಪ್ಪಿಲ್ಲ. ಬಾಗಿಲು ಇಳಿದಿದೆ ಅಥವಾ ಉಬ್ಬಿದೆ. ಮೇಲಿನ ಹಿಂಜ್ ಸ್ಕ್ರೂ ಸಡಿಲ ಆಗಿರುತ್ತದೆ. ಸ್ಟ್ರೈಕ್ ಪ್ಲೇಟ್ ಒಂದು ಅಂಚಿನಲ್ಲಿ ಮಾತ್ರ ಹೊಳೆಯುತ್ತಿರುತ್ತದೆ. ತೆರೆದಿಟ್ಟಾಗಲೂ ತಡವರಿಸಿದರೆ ಎರಡೂ ಕಡೆ ಹ್ಯಾಂಡಲ್ ಬಿಚ್ಚಿ, ಬರೀ ಸಲಾಕೆಯನ್ನು ಇಕ್ಕಳದಲ್ಲಿ ತಿರುಗಿಸುತ್ತೇನೆ. ಬಿಟ್ಟ ಕೂಡಲೇ ಟಕ್ ಎಂದು ವಾಪಸ್ ಬರಬೇಕು. ಸೋಮಾರಿಯಾಗಿ ಬಂದರೆ ಬಾಡಿಯನ್ನೇ ಬದಲಾಯಿಸುವುದು.

ಅಂಗಡಿಗೆ ಹೋಗುವಾಗ ಹಳೆಯದನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಸಲಾಕೆ ಸಾಮಾನ್ಯವಾಗಿ 8 ಎಂಎಂ ಚೌಕ. ಸಲಾಕೆಯ ತೂತಿಗೂ ಕೀ ತೂತಿಗೂ ನಡುವಿನ ಅಂತರ ಹಲವು ಲಾಕ್‌ಗಳಲ್ಲಿ 85 ಎಂಎಂ, ಆದರೆ ಎಲ್ಲದರಲ್ಲೂ ಅಲ್ಲ. ಒಂದು ಎಂಎಂ ತಪ್ಪಿದರೂ ಪ್ಲೇಟ್ ಕೂರುವುದಿಲ್ಲ. ಬಾಗಿಲಿನ ದಪ್ಪವನ್ನೂ ಅಳೆದುಕೊಳ್ಳಿ. ಹೊಸ ಲಾಕಿನ ಪೆಟ್ಟಿಗೆಯಲ್ಲಿ ಬರುವ ಸಲಾಕೆ ಇವತ್ತಿನ ತೆಳು ಬಾಗಿಲಿನ ಲೆಕ್ಕದ್ದು. ನಮ್ಮ ಹಳೆಯ ಬಾಗಿಲುಗಳಲ್ಲಿ ಅದರ ತುದಿ ಹ್ಯಾಂಡಲಿನೊಳಗೆ ಉಗುರಿನಷ್ಟೇ ಸಿಕ್ಕಿರುತ್ತದೆ, ಒಂದು ದಿನ ಹ್ಯಾಂಡಲ್ ಕೈಯಲ್ಲೇ ಬರುತ್ತದೆ. ಹಳೆಯ ಸ್ಕ್ರೂ ತೂತು ಅಗಲ ಆಗಿದ್ದರೆ ಬಿದಿರು ಕಡ್ಡಿಗೆ ಫೆವಿಕಾಲ್ ಸವರಿ ಬಡಿದು, ಒಣಗಿದ ಮೇಲೆ ಹೊಸದಾಗಿ ಕೊರೆಯಿರಿ. ಲಾಕ್ ಕೂರಿಸಿದ ಮೇಲೆ ಬಾಗಿಲು ತೆರೆದಿಟ್ಟೇ ಪರೀಕ್ಷೆ ಮಾಡಿ. ಮುಚ್ಚಿ ನೋಡುವಾಗ ಹೊರಗೊಬ್ಬರು ಇರಲಿ. ಇದನ್ನು ನಮ್ಮ ಹೊಸ ಹೆಲ್ಪರ್ ನಂಬಲಿಲ್ಲ. ಊಟದ ಹೊತ್ತಿಗೆ ನಂಬಿದ.

ಜುಲೈಯಲ್ಲಿ ಬಾಗಿಲು ಬಿಗಿಯಾಯಿತೆಂದು ಜಾಸ್ತಿ ಹತ್ತರಿ ಹಾಕಬೇಡಿ. ಜನವರಿಯಲ್ಲಿ ಮರ ಕುಗ್ಗಿದಾಗ ಸಂದಿಯಲ್ಲಿ ಬೆರಳು ಹೋಗುತ್ತದೆ. ಉಜ್ಜುವ ಜಾಗವನ್ನು ಮಾತ್ರ ಸ್ವಲ್ಪ ಕೀಸಿ. ಬಾಗಿಲಿನ ಮೇಲಿನ ಮತ್ತು ಕೆಳಗಿನ ಅಂಚಿಗೆ ಬೇಸಗೆಯಲ್ಲೇ ಪೇಂಟ್ ಅಥವಾ ವಾರ್ನಿಶ್ ಹೊಡೆದಿಡಿ. ಯಾರೂ ನೋಡದ ಅಂಚುಗಳು, ಹಾಗಾಗಿ ಪೇಂಟರ್ ಅವನ್ನು ಬಿಟ್ಟೇ ಹೋಗಿರುತ್ತಾನೆ. ನೀರು ಕುಡಿಯುವುದು ಅಲ್ಲೇ.

ಇನ್ನೊಂದು. ಲಾಕಿಗೆ ತೆಂಗಿನ ಎಣ್ಣೆ ಬಿಡುವ ಅಭ್ಯಾಸ ನಮ್ಮ ಹೌಸ್‌ಕೀಪಿಂಗ್ ಅಕ್ಕಂದಿರಿಗೆ ಇದೆ. ಡಿಸೆಂಬರ್ ಬೆಳಿಗ್ಗೆ ನಮ್ಮ ಕಡೆ ಆ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಲಾಕಿನೊಳಗೆ ಆಗದೇ ಇರುತ್ತದಾ? ಹೊಲಿಗೆ ಮಿಷನ್ ಎಣ್ಣೆ ಎರಡು ತೊಟ್ಟು ಸಾಕು. ಕೀ ತೂತಿಗೆ ಪೆನ್ಸಿಲ್ ಸೀಸದ ಪುಡಿ.

ಆ ಘಟನೆಯ ಮರುದಿನ ನಾನು ಎಲ್ಲ ರೂಮಿನ ಲಾಕ್ ಬಾಡಿಗೆ ಇಂಡೆಂಟ್ ಕಳಿಸಿದೆ. ಹ್ಯಾಂಡಲ್ ಮೊನ್ನೆ ತಾನೇ ಹಾಕಿದ್ದೀರಲ್ಲ ಎಂದು ವಾಪಸ್ ಬಂತು. ಮುರಿದ ಫಾಲೋವರ್ ಫೋಟೋ ಕಳಿಸಿದೆ. ಬಾತ್‌ರೂಮುಗಳಿಗೆ ಮಾತ್ರ ಮಂಜೂರಾಯಿತು. ಬಂದ ಬಾಡಿಗಳನ್ನು ಕೂರಿಸಿ ಮುಗಿಸಿದ ದಿನ ಮ್ಯಾನೇಜರ್ ರೌಂಡಿಗೆ ಬಂದರು. ಒಂದೊಂದೇ ಬಾಗಿಲು ತೆರೆದು ಮುಚ್ಚಿದರು. ಬಾಗಿಲಿನ ಅಂಚಿನಲ್ಲಿ ಕಾಣುವ ಲಾಕಿನ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ, 'ಹ್ಯಾಂಡಲ್ ಕಪ್ಪು, ಇದು ಸಿಲ್ವರ್. ಕಪ್ಪಲ್ಲಿ ಸಿಗಲಿಲ್ವಾ?' ಎಂದರು.