ಮೇವಿನ ರಿಪೋರ್ಟ್ ಓದೋಕೆ ಮುಂಚೆ ಮೇವಿನ ತೇವ ನೋಡಿ

ನಾನು ಕೆಲಸ ಮಾಡೋದು ವಿಶ್ವವಿದ್ಯಾಲಯದ ಒಂದು ಕೃಷಿ ಸಂಶೋಧನಾ ಕೇಂದ್ರದಲ್ಲಿ, ಮೇವು ಪರೀಕ್ಷೆ ಮಾಡೋ ಲ್ಯಾಬಲ್ಲಿ. ಸುತ್ತಮುತ್ತಲಿನ ಹೈನುಗಾರರು ಹುಲ್ಲು, ಸೈಲೇಜ್ (ಗುಂಡಿಯಲ್ಲಿ ಗಾಳಿ ಆಡದ ಹಾಗೆ ಒತ್ತಿ ಹುಳಿ ಬರಿಸಿಟ್ಟ ಹಸಿ ಮೇವು), ಹಿಂಡಿ ಏನೇ ಇರಲಿ ಕವರಲ್ಲಿ ಕಟ್ಕೊಂಡು ತರ್ತಾರೆ, ನಾವು ಪ್ರೋಟೀನ್ ಎಷ್ಟಿದೆ, ನಾರು ಎಷ್ಟಿದೆ, ಬೂದಿ (ಮೇವನ್ನ ಪೂರ್ತಿ ಸುಟ್ಟ ಮೇಲೆ ಉಳಿಯೋದು) ಎಷ್ಟಿದೆ ಅಂತ ನೋಡಿ ರಿಪೋರ್ಟ್ ಕೊಡ್ತೀವಿ. ಕೈಗೆ ಸಿಕ್ಕ ತಕ್ಷಣ ಎಲ್ರೂ ನೋಡೋದು ಪ್ರೋಟೀನ್ ಸಾಲು. ಅದಕ್ಕಿಂತ ಮೇಲೆ ಒಣ ಅಂಶ ಅಂತ ಒಂದು ಸಾಲು ಇರತ್ತಲ್ಲ, ಅದನ್ನ ಯಾರೂ ಅಷ್ಟಾಗಿ ಗಮನಿಸಲ್ಲ. ಈ ಕೆಲಸ ನನಗೆ ಕಲಿಸಿದ್ದು ಏನಾದ್ರೂ ಇದ್ರೆ ಅದು ಈ ಸಾಲಿನ ಬೆಲೆ.

ಒಣ ಅಂಶ ಅಂದ್ರೆ ಮೇವಲ್ಲಿರೋ ನೀರನ್ನೆಲ್ಲ ತೆಗೆದ್ಮೇಲೆ ಉಳಿಯೋದು. ಹಸುಗೆ ಹಾಲು ಮಾಡೋಕೆ ಬೇಕಾದ ಶಕ್ತಿ, ಪ್ರೋಟೀನ್, ನಾರು ಎಲ್ಲಾ ಇರೋದು ಅದ್ರಲ್ಲೇ. ಲೆಕ್ಕ ಸುಲಭ. ಮೆಕ್ಕೆಜೋಳದ ಸೈಲೇಜ್ ಒಣ ಅಂಶ ಶೇ. 35 ಇದ್ದಾಗ 20 ಕೆಜಿ ಹಾಕಿದ್ರೆ ಹಸುಗೆ 7 ಕೆಜಿ ಸಿಗತ್ತೆ. ನಾಲ್ಕು ದಿನ ಮಳೆ ಹೊಡೆದು, ಗುಂಡಿಯ ತೆರೆದ ಬದಿ ನೆನೆದು ಅದು ಶೇ. 30ಕ್ಕೆ ಇಳಿದ್ರೆ ಅದೇ 20 ಕೆಜಿಯಲ್ಲಿ ಸಿಗೋದು 6 ಕೆಜಿ ಮಾತ್ರ. ತಕ್ಕಡಿಯಲ್ಲಿ ಏನೂ ಬದಲಾಗಿಲ್ಲ, ಗೋದಲಿ ತುಂಬಾ ಮೇವು ಕಾಣ್ತಿದೆ, ಆದ್ರೆ ಹಸು ಹೊಟ್ಟೆಗೆ ಒಂದು ಕೆಜಿ ಕಮ್ಮಿ ಹೋಗಿದೆ. ಹಳೇ ಲೆಕ್ಕಕ್ಕೆ ಬರಬೇಕು ಅಂದ್ರೆ 23 ಕೆಜಿಗಿಂತ ಸ್ವಲ್ಪ ಜಾಸ್ತಿನೇ ಹಾಕ್ಬೇಕು.

ಇದ್ರಲ್ಲಿ ಇನ್ನೊಂದು ತೊಂದ್ರೆ ಇದೆ. ನಾರಿನ ಮೇವು ಕಮ್ಮಿಯಾಯ್ತು, ಆದ್ರೆ ಒಣಗಿರೋ ಫೀಡು ಹಿಂಡಿ ಎಷ್ಟಿತ್ತೋ ಅಷ್ಟೇ ಬೀಳ್ತಿದೆ, ಅಂದ್ರೆ ಒಟ್ಟು ಲೆಕ್ಕದಲ್ಲಿ ಫೀಡಿನ ಪಾಲು ಜಾಸ್ತಿ ಆಯ್ತು. ಹಸು ಮೆಲುಕು ಹಾಕೋದು ಕಮ್ಮಿ ಆಗತ್ತೆ, ಜೊಲ್ಲು ಕಮ್ಮಿ ಬರತ್ತೆ, ರೂಮೆನ್ ಅಂತೀವಲ್ಲ ಆ ದೊಡ್ಡ ಹೊಟ್ಟೆಯಲ್ಲಿ ಆಮ್ಲ ಏರತ್ತೆ, ಸಗಣಿ ತೆಳ್ಳಗಾಗತ್ತೆ, ಹಾಲಿನ ಫ್ಯಾಟ್ ಬೀಳತ್ತೆ. ಆಗ ನಮ್ಮತ್ರ ಬಂದು "ಸರ್, ಫೀಡ್ ಚೆನ್ನಾಗಿಲ್ಲ ಅನ್ಸತ್ತೆ, ಟೆಸ್ಟ್ ಮಾಡಿ ಕೊಡಿ" ಅಂತಾರೆ. ಟೆಸ್ಟ್ ಮಾಡಿದ್ರೆ ಫೀಡ್ ಸರಿಯಾಗೇ ಇರತ್ತೆ. ಹಾಗಾಗಿ ನಾನು ಈಗ ಸ್ಯಾಂಪಲ್ ಕೈಗೆ ತಗೊಳ್ಳೋಕೆ ಮುಂಚೆನೇ ಕೇಳೋದು, ಮಳೆ ಬಂತಾ, ಗುಂಡಿಯ ಬೇರೆ ಭಾಗಕ್ಕೆ ಬಂದ್ರಾ, ಬೇರೆ ಹೊಲದ ಮೇವು ಶುರು ಮಾಡಿದ್ರಾ, ಮಲಗಿರೋ ಹಸುಗಳಲ್ಲಿ ಅರ್ಧದಷ್ಟಾದ್ರೂ ಮೆಲುಕು ಹಾಕ್ತಿದಾವಾ, ಗೋದಲಿಯಲ್ಲಿ ಉಳಿಯೋದು ಏನು. ಕೊನೇ ಪ್ರಶ್ನೆಗೆ "ಬರೀ ದಂಟು ಉಳೀತದೆ" ಅಂತ ಬಂದ್ರೆ ಹಸುಗಳು ಪುಡಿ ಪುಡಿ ಫೀಡನ್ನ ಆರಿಸಿ ತಿಂದು ನಾರನ್ನ ಬಿಡ್ತಿದಾವೆ ಅಂತ ಗೊತ್ತಾಗತ್ತೆ. ಇದು ಯಾವ ರಿಪೋರ್ಟಲ್ಲೂ ಬರಲ್ಲ. ಬಂದವ್ರು ಹೇಳಿದ್ರೇ ಗೊತ್ತಾಗ್ಬೇಕು.

ಈ ತೇವ ನೋಡೋಕೆ ನಮ್ಮ ಲ್ಯಾಬಿಗೇ ಬರಬೇಕು ಅಂತೇನಿಲ್ಲ. ಒಂದು ಮೈಕ್ರೋವೇವ್, ಗ್ರಾಂ ತೋರಿಸೋ ತಕ್ಕಡಿ ಇದ್ರೆ ಸಾಕು. 100 ಗ್ರಾಂ ಸೈಲೇಜ್ ತೂಗಿ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಮೂಲೆಯಲ್ಲಿ ಒಂದು ಲೋಟ ನೀರಿಡಿ (ಇಲ್ಲಾಂದ್ರೆ ಒಣಗ್ತಾ ಬಂದಾಗ ಹೊತ್ಕೊಳ್ಳತ್ತೆ), ಸ್ವಲ್ಪ ಸ್ವಲ್ಪ ಹೊತ್ತು ಬಿಸಿ ಮಾಡಿ ಕೈಯಾಡಿಸಿ ತೂಗ್ತಾ ಹೋಗಿ. ಎರಡು ಸಲ ತೂಗಿದಾಗ ಒಂದೇ ತೂಕ ಬಂತು ಅಂದ್ರೆ ನೀರು ಮುಗೀತು. 33 ಗ್ರಾಂ ಉಳಿದ್ರೆ ಒಣ ಅಂಶ ಶೇ. 33, ಭಾಗಾಕಾರನೂ ಬೇಡ. ವಾಸನೆ ಹೋಗಲ್ಲ, ಅದಕ್ಕೆ ಅಡುಗೆಮನೆಯ ಮೈಕ್ರೋವೇವ್ ಮುಟ್ಬೇಡಿ, ಹಳೇದೊಂದನ್ನ ಇದಕ್ಕೇ ಅಂತ ಇಟ್ಕೊಳ್ಳಿ.

ಕೆಲವು ಸಹೋದ್ಯೋಗಿಗಳು ಇಂಥದ್ದನ್ನೆಲ್ಲ ಹೇಳ್ಕೊಟ್ರೆ ಲ್ಯಾಬಿಗೆ ಯಾರು ಬರ್ತಾರೆ ಅಂತಾರೆ, ನನಗೆ ಅದು ಒಪ್ಪಿಗೆ ಇಲ್ಲ. 1890ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕೃಷಿ ಪ್ರಯೋಗ ಕೇಂದ್ರದಲ್ಲಿ ಸ್ಟೀಫನ್ ಬಾಬ್‌ಕಾಕ್ ಹಾಲಿಗೆ ಸಲ್ಫ್ಯೂರಿಕ್ ಆಸಿಡ್ ಹಾಕಿ, ಬಾಟಲಿಯನ್ನ ಗಿರ್ ಅಂತ ತಿರುಗಿಸಿ, ಬಾಟಲಿ ಕತ್ತಿನಲ್ಲಿ ನಿಂತ ಕೊಬ್ಬನ್ನ ಗೀಟು ನೋಡಿ ಓದೋ ಪರೀಕ್ಷೆ ಕೊಟ್ರು. ಪೇಟೆಂಟ್ ಮಾಡ್ಲಿಲ್ಲ. ಅದಕ್ಕೆ ಮುಂಚೆ ಹಾಲಿಗೆ ಬರೀ ತೂಕ ನೋಡಿ ದುಡ್ಡು ಕೊಡೋರು, ನೀರು ಬೆರೆಸಿದವ್ರಿಗೂ ಒಳ್ಳೇ ಹಾಲು ತಂದವ್ರಿಗೂ ಒಂದೇ ರೇಟು. ಆ ಬಾಟಲಿ ಹಾಲು ತಗೊಳ್ಳೋ ಜಾಗಕ್ಕೇ ಹೋಯ್ತು ನೋಡಿ, ಅಲ್ಲೇ ಅದರ ಶಕ್ತಿ ಇದ್ದಿದ್ದು. ಕೆಚ್ಚಲು ಬಾವು ಇದೆಯಾ ಅಂತ ನೋಡೋ ಸಿಎಂಟಿ (ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್) ಕೂಡ ಹಾಗೇ, ನಾಲ್ಕು ಬಟ್ಟಲಿನ ತಟ್ಟೆಗೆ ಒಂದೊಂದು ಮೊಲೆಯ ಹಾಲು ಕರೆದು ಅಷ್ಟೇ ದ್ರಾವಣ ಹಾಕಿ ಅಲ್ಲಾಡಿಸಿದ್ರೆ ಯಾವ ಬಟ್ಟಲಲ್ಲಿ ಹಾಲು ಲೋಳೆ ಕಟ್ತೋ ಆ ಮೊಲೆಯಲ್ಲಿ ತೊಂದ್ರೆ ಇದೆ, ಹೊರಗಡೆ ಏನೂ ಕಾಣದೇ ಇದ್ರೂ.

ಇನ್ನು ಲ್ಯಾಬಿಗೇ ಕಳಿಸೋದಾದ್ರೆ ಸ್ಯಾಂಪಲ್ ಬಗ್ಗೆ ಕೈ ಮುಗಿದು ಹೇಳ್ತೀನಿ. ನಾವು ಟೆಸ್ಟ್ ಮಾಡೋದು ಕೆಲವೇ ಗ್ರಾಂ, ಅದರ ಮೇಲೆ ನೀವು ಟನ್‌ಗಟ್ಟಲೆ ಮೇವಿನ ಲೆಕ್ಕ ಹಾಕ್ತೀರಿ. ಗುಂಡಿಯ ಎದುರು ನಿಂತು ಕೈಗೆ ಸಿಕ್ಕ ಒಂದು ಹಿಡಿ ಕಿತ್ಕೊಂಡು ಬರಬೇಡಿ, ಎತ್ತರದ ಸೈಲೇಜ್ ಗೋಡೆ ಕುಸಿದು ಜನ ಸತ್ತಿರೋದೂ ಉಂಟು, ಅದರ ಬುಡಕ್ಕೆ ಹೋಗ್ಲೇಬೇಡಿ. ಆ ದಿನಕ್ಕೆ ಅಂತ ಕೆಡವಿ ದೂರ ತಂದು ಹಾಕಿರೋ ರಾಶಿಯಲ್ಲಿ ಅಲ್ಲಲ್ಲಿ ಹಿಡಿ ಹಿಡಿ ತಗೊಂಡು ಬಕೆಟ್ಟಲ್ಲಿ ಕಲಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಮಾತ್ರ ಇಟ್ಕೊಳ್ಳಿ, ಕವರಿಗೆ ಹಾಕೋಷ್ಟು ಆಗೋವರೆಗೂ ಹಾಗೇ ಮಾಡಿ. ಗಾಳಿ ಪೂರ್ತಿ ಒತ್ತಿ ತೆಗೆದು ಬಿಗಿಯಾಗಿ ಕಟ್ಟಿ, ತಣ್ಣಗೆ ಇಡಿ. ಬೂದಿ ತುಂಬಾ ಜಾಸ್ತಿ ಬಂದಾಗ ನಾವು ಮೊದಲು ಅನುಮಾನ ಪಡೋದು ಮಣ್ಣನ್ನ, ಹಾಗಾಗಿ ನೆಲದ ಮೇಲೆ ಹಾಕಿ ಕಲಸಬೇಡಿ.

ವಾರದ ಕೊನೇಲಿ ಕಳಿಸಿದ್ರೆ ಕವರು ಎಲ್ಲೋ ಬಿಸಿಲಲ್ಲಿ ಬಿದ್ದಿರತ್ತೆ, ಸೋಮವಾರ ಇಲ್ಲಾ ಮಂಗಳವಾರ ಕಳಿಸಿ. ಕವರ್ ಮೇಲೆ ಯಾವ ಗುಂಡಿ, ಯಾವತ್ತು ತೆಗೆದಿದ್ದು, ಹಿಂದಿನ ದಿನ ಮಳೆ ಇತ್ತಾ ಅಂತ ಬರೀರಿ, ಬಾಲ್ ಪೆನ್ನಲ್ಲಿ ಬೇಡ, ಅಳಿಸಿ ಹೋಗತ್ತೆ, ಮಾರ್ಕರಲ್ಲಿ ಬರೀರಿ.